ಗಾಜಿನ ಪೆಟ್ಟಿಗೆಗೆ ಬಿಸಿಲು ತರುವುದು ಹೇಗೆ?

ಬೆಳಗಿನ ಹೊತ್ತು ಕಾಂಪೌಂಡ್ ಗೋಡೆಯ ಮೇಲೆ ಓತಿಕ್ಯಾತ ಬೆನ್ನೊಡ್ಡಿ ಕೂತಿರುತ್ತದಲ್ಲ, ಅದು ಸೋಮಾರಿತನವಲ್ಲ. ಮೈ ಕಾಯದಿದ್ದರೆ ತಿಂದದ್ದು ಅರಗುವುದಿಲ್ಲ. ಆಸ್ಟ್ರೇಲಿಯಾದ ಒಣನಾಡಿನ ಬಿಯರ್ಡೆಡ್ ಡ್ರ್ಯಾಗನ್ ಇದರದೇ ಕುಟುಂಬದ್ದು. ಅದನ್ನು ಗಾಜಿನ ಪೆಟ್ಟಿಗೆಯಲ್ಲಿ ಸಾಕುವವರು ಊಟಕ್ಕಿಂತ ಮೊದಲು ಬಿಸಿಲಿಗೆ ದಾರಿ ಮಾಡಬೇಕು. (ನಮ್ಮ ನಕ್ಷತ್ರ ಆಮೆಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಆ ಆಸೆ ಇದ್ದವರು ಇಲ್ಲಿಗೇ ಓದು ನಿಲ್ಲಿಸಬಹುದು.)

ಮೊದಲ ಹೆಜ್ಜೆ ದೀಪದ ಆಯ್ಕೆ, ಎಡವುವುದೂ ಇಲ್ಲಿಯೇ. ಭೂಮಿಗೆ ತಲುಪುವ ಸೂರ್ಯನ ಶಕ್ತಿಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಣ್ಣಿಗೆ ಕಾಣದ ಅವಕೆಂಪು (ಇನ್‌ಫ್ರಾರೆಡ್) ಕಿರಣ. ಅದರಲ್ಲಿ 700ರಿಂದ 1400 ನ್ಯಾನೊಮೀಟರ್ ಅಲೆಯುದ್ದದ ಕಿರಣಗಳು ಚರ್ಮ ದಾಟಿ ಒಳಗಿನ ಮಾಂಸವನ್ನೂ ಬೆಚ್ಚಗಾಗಿಸುತ್ತವೆ. ಹ್ಯಾಲೊಜನ್ ಬಲ್ಬು ಇಂಥ ಕಿರಣಗಳನ್ನು ಧಾರಾಳವಾಗಿ ಚೆಲ್ಲುತ್ತದೆ. ಸೆರಾಮಿಕ್ ಹೀಟರ್ ಮತ್ತು ಹೀಟ್ ಮ್ಯಾಟ್‌ಗಳು ಸೂಸುವುದು ಮುಖ್ಯವಾಗಿ 3000 ನ್ಯಾನೊಮೀಟರ್‌ಗೂ ಉದ್ದದ ಅಲೆಗಳನ್ನು. ಅವು ಚರ್ಮದ ಮೇಲ್ಪದರದಲ್ಲೇ ಹೀರಿಹೋಗುತ್ತವೆ. ತೊಗಲು ಸುಡುವಷ್ಟು ಕಾದರೂ ಒಡಲು ತಣ್ಣಗೇ ಉಳಿಯಬಹುದು. ಹಗಲಿಗೆ ಹ್ಯಾಲೊಜನ್ನೇ ಸರಿ. ವಿದ್ಯುತ್ತಿನಿಂದ ಕಾಯುವ ಕೃತಕ ಬಂಡೆಗಳನ್ನಂತೂ ಕೊಳ್ಳಲೇಬೇಡಿ. ಹೊಟ್ಟೆ ಸುಟ್ಟುಕೊಂಡರೂ ಈ ಪ್ರಾಣಿಗಳು ಕದಲದೆ ಕೂತಿರುವುದುಂಟು.

ಬಲ್ಬನ್ನು ಪೆಟ್ಟಿಗೆಯ ಒಂದು ತುದಿಯಲ್ಲಿ, ಮೇಲಿನಿಂದ ತೂಗುಬಿಡಿ. ಪ್ಲಾಸ್ಟಿಕ್ ಹೋಲ್ಡರ್ ಕರಗುತ್ತದೆ, ಪಿಂಗಾಣಿಯದೇ ಬೇಕು. ಕೆಳಗೊಂದು ಚಪ್ಪಟೆ ಕಲ್ಲು. ಬಲ್ಬಿಗೆ ತಂತಿಯ ಬುಟ್ಟಿ ಕಟ್ಟುವುದನ್ನು ಮರೆಯಬೇಡಿ. ಇನ್ನೊಂದು ತುದಿ ತಂಪಾಗಿರಲಿ, ಸುಮಾರು 25 ಡಿಗ್ರಿ. ಬೇಕಾದಾಗ ಕಾಯಿಸಿಕೊಂಡು ಸಾಕಾದಾಗ ನೆರಳಿಗೆ ಸರಿಯುವುದು ಈ ಪ್ರಾಣಿಯ ಹುಟ್ಟುಗುಣ.

ಇನ್ನು ಅಳತೆ. ಗೋಡೆಗೆ ಅಂಟಿಸುವ ಮುಳ್ಳಿನ ಮಾಪಕ ಹೇಳುವುದು ಗಾಳಿಯ ಬಿಸಿಯನ್ನು. ನಮಗೆ ಬೇಕಾದದ್ದು ಕಲ್ಲಿನದು. ಗುರಿ ಹಿಡಿದು ಓದುವ ಇನ್‌ಫ್ರಾರೆಡ್ ಥರ್ಮಾಮೀಟರಿನಲ್ಲಿ ಕಲ್ಲು 40 ಡಿಗ್ರಿ ಆಸುಪಾಸು ತೋರುವವರೆಗೆ ಬಲ್ಬನ್ನು ಏರಿಸಿ, ಇಳಿಸಿ. ಹ್ಯಾಲೊಜನ್‌ಗೆ ಬೆಳಕು ತಗ್ಗಿಸುವ ಬಗೆಯ ಥರ್ಮೋಸ್ಟಾಟ್ (ಬಿಸಿಯನ್ನು ಹದದಲ್ಲಿಡುವ ಸಾಧನ) ಜೋಡಿಸಿ. ಆರಿ ಹೊತ್ತಿಕೊಳ್ಳುವ ಬಗೆಯದಾದರೆ ಬಲ್ಬೂ ಬೇಗ ಸಾಯುತ್ತದೆ, ಪ್ರಾಣಿಗೂ ಕಿರಿಕಿರಿ. ನೇರಳಾತೀತ ಕಿರಣಕ್ಕೆ ಬೇರೆ ಟ್ಯೂಬ್ ಬೇಕು, ಆ ಕೆಲಸ ಈ ಬಲ್ಬಿನದಲ್ಲ.

ರಾತ್ರಿ ಎಲ್ಲ ದೀಪ ಆರಲಿ. 'ರಾತ್ರಿಗೆಂದೇ' ಮಾರುವ ಕೆಂಪು ಬಲ್ಬಿನ ಬೆಳಕು ಅದಕ್ಕೆ ಚೆನ್ನಾಗಿಯೇ ಕಾಣುತ್ತದೆ, ನಿದ್ದೆ ಕೆಡುತ್ತದೆ. ಕೋಣೆ 18 ಡಿಗ್ರಿಗಿಂತ ಕೆಳಗಿಳಿದರೆ ಮಾತ್ರ ಬೆಳಕಿಲ್ಲದ ಆ ಸೆರಾಮಿಕ್ ಹೀಟರ್ ಹಾಕಿ.