ಮಗ ತೊಡೆ ಏರಲು ಬಂದಾಗ

ನಮ್ಮ ಹವ್ಯಾಸಿ ತಂಡದಲ್ಲಿ ಸಂಸ್ಕೃತ ನಾಟಕಕಾರ ಭಾಸನ ‘ಊರುಭಂಗ’ ಮಾಡಿದಾಗ ನನಗೆ ದುರ್ಯೋಧನನ ಪಾತ್ರ ಸಿಕ್ಕಿತು. ಗದೆ ಹಿಡಿದು ಅಬ್ಬರಿಸಬಹುದು ಅಂದುಕೊಂಡಿದ್ದೆ. ಯಕ್ಷಗಾನದಲ್ಲಿ ಕೌರವನನ್ನು ನೋಡಿ ಬೆಳೆದವನು ನಾನು. ಆದರೆ ಇಲ್ಲಿ ಕಾಳಗವನ್ನು ಮೂವರು ಸೈನಿಕರು ಮಾತಿನಲ್ಲೇ ಹೇಳಿ ಮುಗಿಸುತ್ತಾರೆ. ದುರ್ಯೋಧನ ರಂಗಕ್ಕೆ ಬರುವುದೇ ತೊಡೆ ಮುರಿದ ಮೇಲೆ, ತೆವಳಿಕೊಂಡು.

ಎರಡು ವಾರ ದಿನಾ ಸಂಜೆ ಕಾಲುಗಳನ್ನು ಟವೆಲ್‌ನಿಂದ ಕಟ್ಟಿಕೊಂಡು ನೆಲದ ಮೇಲೆ ಓಡಾಡಿದೆ. ಮೊಣಕೈ ಸಿಪ್ಪೆ ಎದ್ದಿತು. ನೀರಿನ ಲೋಟ ಮೇಜಿನ ಮೇಲಿದ್ದರೆ ಅದು ಬೇರೆ ಊರಲ್ಲಿ ಇದ್ದ ಹಾಗೆ. ದೇಹಕ್ಕೇನೋ ಪಾತ್ರ ಹಿಡಿಯಿತು. ಆದರೂ ನೋವಿನ ಮಾತುಗಳೆಲ್ಲ ಸುಮ್ನೆ ಕೂಗಾಟ ಅನ್ನಿಸುತ್ತಿದ್ದವು.

ದಾರಿ ಸಿಕ್ಕಿದ್ದು ಒಂದು ಸಣ್ಣ ವಿಷಯದಿಂದ. ದುರ್ಯೋಧನನನ್ನು ಹುಡುಕಿಕೊಂಡು ಬರುವ ಅಪ್ಪನಿಗೆ ಕಣ್ಣಿಲ್ಲ. ಅಮ್ಮ ಕಣ್ಣಿಗೆ ಬಟ್ಟೆ ಕಟ್ಟಿಕೊಂಡಿದ್ದಾಳೆ. ಇಬ್ಬರಿಗೂ ಅವನ ತೊಡೆ ಕಾಣುವುದಿಲ್ಲ. ಅವರಿಗೆ ತಲುಪುವುದು ದನಿ ಮಾತ್ರ. ನಮಸ್ಕಾರ ಮಾಡಲು ಏಳಹೋಗಿ ಬಿದ್ದು, ಇದು ನನಗೆ ಬಿದ್ದ ಎರಡನೇ ಪೆಟ್ಟು ಅನ್ನುತ್ತಾನೆ. ಹಿರಿಯರ ಕಾಲಿಗೆ ಬೀಳುವ ಭಾಗ್ಯವೂ ಹೋಯಿತಲ್ಲ ಅಂತ.

ಆಗ ನೆನಪಾದವರು ನಮ್ಮಪ್ಪ. ಆಪರೇಷನ್ ಆದ ಮರುದಿನ ಊರಲ್ಲಿದ್ದ ಅಜ್ಜಿಗೆ ಫೋನ್ ಮಾಡಿ, ‘ಊಟ ಆಯ್ತಮ್ಮ, ಆರಾಮಾಗಿದ್ದೀನಿ’ ಅಂದಿದ್ದರು. ದನಿ ಒಂಚೂರೂ ನಡುಗಲಿಲ್ಲ. ಇನ್ನೊಂದು ಕೈ ಮಂಚದ ಕಂಬಿಯನ್ನು ಬಿಗಿಯಾಗಿ ಹಿಡಿದಿತ್ತು. ಆ ಮುಷ್ಟಿಯನ್ನೇ ರಂಗಕ್ಕೆ ತಂದೆ. ಧೃತರಾಷ್ಟ್ರ, ಗಾಂಧಾರಿಯ ಎದುರು ಮುಖ ಹಿಂಡಿಕೊಳ್ಳುತ್ತಿತ್ತು, ದನಿ ನೆಟ್ಟಗಿರುತ್ತಿತ್ತು.

ದುರ್ಯೋಧನನ ಮಗನ ಹತ್ತಿರ ಇದು ನಡೆಯುವುದಿಲ್ಲ. ದುರ್ಜಯ ಪುಟ್ಟ ಹುಡುಗ, ಅವನಿಗೆ ಕಣ್ಣು ಕಾಣುತ್ತದೆ. ಅಲ್ಲಿ ಬಚ್ಚಿಡಬೇಕಾದದ್ದು ಮುಖವನ್ನು. ಅವನು ತೊಡೆ ಏರಲು ಬಂದಾಗ ನಗುತ್ತಾ ಎರಡೂ ಕೈಯನ್ನು ತೊಡೆಗೆ ಅಡ್ಡ ಇಟ್ಟೆ. ಯಾಕೆ ತಡೆಯುತ್ತೀಯ ಅಂತ ಅವನು ಕೇಳುತ್ತಾನೆ. ‘ಬೇರೆ ಎಲ್ಲಾದರೂ ಕೂತ್ಕೋ ಮಗಾ, ನೀನು ಕೂರುತ್ತಿದ್ದ ಜಾಗ ಇವತ್ತಿನಿಂದ ಇಲ್ಲ’ ಎಂಬ ಅರ್ಥದ ಮಾತು ನನ್ನದು. ಇದಕ್ಕಿಂತ ಜಾಸ್ತಿ ಅಳಿಸುವ ಮಾತನ್ನು ನಾನು ರಂಗದ ಮೇಲೆ ಆಡಿಲ್ಲ.

ಭಾಸ ಕಾಳಿದಾಸನಿಗಿಂತ ಹಿಂದಿನವನು. ಕಾಳಿದಾಸನೇ ತನ್ನ ನಾಟಕದಲ್ಲಿ ಅವನ ಹೆಸರು ಹೇಳಿದ್ದಾನೆ. ನಮ್ಮ ರನ್ನನೂ ಹತ್ತನೇ ಶತಮಾನದಲ್ಲಿ ಇದೇ ದುರ್ಯೋಧನನನ್ನು ಹೆಣಗಳ ನಡುವೆ ನಡೆಸಿ, ಶತ್ರುವಿನ ಮಗ ಅಭಿಮನ್ಯುವಿಗೂ ಮರುಗುವಂತೆ ಮಾಡಿದ. ಕೆಟ್ಟವನು ಅಂತ ನಾವು ಬದಿಗೆ ಸರಿಸಿದವನ ಒಳಗನ್ನು ಇವರಿಬ್ಬರೂ ಎಷ್ಟು ಹತ್ತಿರದಿಂದ ನೋಡಿದ್ದಾರೆ, ಅಲ್ವಾ?

ದುರ್ಜಯನ ಪಾತ್ರ ಮಾಡಿದವನಿಗೆ ಏಳು ವರ್ಷ. ನಾನು ತಡೆಯುತ್ತೇನೆ ಅಂತ ಅವನಿಗೆ ಗೊತ್ತಿತ್ತು. ಆದರೂ ಪ್ರತಿ ಸಲ ಪೂರ್ತಿ ನಂಬಿಕೆಯಿಂದ ಓಡಿ ಬರುತ್ತಿದ್ದ. ಅವನ ಹೆಜ್ಜೆಯ ಸದ್ದು ಕೇಳಿದ ಕೂಡಲೇ ನನ್ನ ಕೈ ತಾನಾಗಿ ತೊಡೆಯ ಮೇಲೆ ಹೋಗುತ್ತಿತ್ತು.