ತಾವೊ, ಚೀನೀ ವೈದ್ಯ: ಯಾವ ಪುಸ್ತಕ ಮೊದಲು, ಯಾವುದು ಆಮೇಲೆ?

1973ರಲ್ಲಿ ಚೀನಾದ ಚಾಂಗ್‌ಶಾ ಊರಿನ ಹತ್ತಿರ, ಮಾವಾಂಗ್‌ದುಯ್ ಎಂಬಲ್ಲಿ, ಒಂದು ಹಳೆಯ ಗೋರಿ ಅಗೆದರು. ಕ್ರಿ.ಪೂ. 168ರಲ್ಲಿ ಮುಚ್ಚಿದ್ದ ಗೋರಿ ಅದು. ಒಳಗೆ ರೇಷ್ಮೆ ಬಟ್ಟೆಯ ಮೇಲೆ ಬರೆದ ಪುಸ್ತಕಗಳಿದ್ದವು. ತಾವೊ ತತ್ವದ ಮೂಲಗುರು ಎನ್ನುವ ಲಾವೊತ್ಸೆಯ ಪುಸ್ತಕದ ಎರಡು ಪ್ರತಿ, 52 ಕಾಯಿಲೆಗಳಿಗೆ ಮದ್ದು ಹೇಳುವ ಒಂದು ಪುಸ್ತಕ, ಜೊತೆಗೆ 44 ಜನ ಮೈ ಬಾಗಿಸಿ, ಕೈ ಚಾಚಿ ವ್ಯಾಯಾಮ ಮಾಡುತ್ತಿರುವ ಒಂದು ಚಿತ್ರ. ತತ್ವ, ಮದ್ದು, ವ್ಯಾಯಾಮ ಮೂರೂ ಒಂದೇ ಕಡೆ. ಅದನ್ನು ಇಟ್ಟುಕೊಂಡಿದ್ದವನಿಗೆ ಇವು ಬೇರೆ ಬೇರೆ ವಿಷಯ ಅನಿಸಿರಲಿಕ್ಕಿಲ್ಲ.

ನಮಗೂ ಮೂರನ್ನೂ ಸೇರಿಸಿ ಓದಿದರೇ ರುಚಿ. ಆದರೆ ಕ್ರಮ ಮುಖ್ಯ. ನಾನು ಮೊದಲ ಸಲ ಸೀದಾ ವೈದ್ಯದ ಪುಸ್ತಕಕ್ಕೆ ಕೈ ಹಾಕಿ, ಯಿನ್, ಯಾಂಗ್, ಚಿ ಅಂತ ಇಪ್ಪತ್ತು ಪುಟ ಓದಿ, ಏನೂ ಹಿಡಿಯದೆ ಮುಚ್ಚಿಟ್ಟಿದ್ದೆ. ಎಷ್ಟೋ ವರ್ಷದ ಮೇಲೆ ಕ್ರಮ ಬದಲಿಸಿದಾಗ ದಾರಿ ಸಿಕ್ಕಿತು. ಅದನ್ನೇ ಇಲ್ಲಿ ಹೇಳುತ್ತೇನೆ. ಆರು ತಿಂಗಳು ಇಟ್ಟುಕೊಳ್ಳಿ, ಒಂದು ಪೆನ್ಸಿಲ್ ಇಟ್ಟುಕೊಳ್ಳಿ.

ಹೆಜ್ಜೆ 1: ಸಣ್ಣ ಪುಸ್ತಕದಿಂದ ಶುರು

ಲಾವೊತ್ಸೆಯ ಹೆಸರಲ್ಲಿರುವ ‘ದಾವ್ ದ ಜಿಂಗ್’ನಲ್ಲಿ ಇರುವುದು 81 ಪುಟ್ಟ ಅಧ್ಯಾಯಗಳು. ಚೀನೀ ಮೂಲದಲ್ಲಿ ಸುಮಾರು 5,000 ಅಕ್ಷರ, ಅಷ್ಟೇ. ಒಂದು ಮಧ್ಯಾಹ್ನದಲ್ಲಿ ಮುಗಿಸಬಹುದು, ಆದರೆ ಮುಗಿಸಬೇಡಿ. ದಿನಕ್ಕೊಂದು ಅಧ್ಯಾಯ ಸಾಕು. ಕನ್ನಡದಲ್ಲಿ ಯು.ಆರ್. ಅನಂತಮೂರ್ತಿಯವರ ಅನುವಾದ ಇದೆ, ಅದನ್ನೇ ಮೊದಲು ಹಿಡಿಯಿರಿ. ಪುಸ್ತಕ ಹುಡುಕುವಾಗ ಒಂದು ಮಾತು ನೆನಪಿರಲಿ: ತಾವೊ, ಟಾವೊ, ದಾವ್ ಎಲ್ಲ ಒಂದೇ ಪದ, ಅರ್ಥ ‘ದಾರಿ’. ಒಂದು ಹೆಸರಲ್ಲಿ ಸಿಗದಿದ್ದರೆ ಇನ್ನೊಂದರಲ್ಲಿ ಹುಡುಕಿ.

ಪಕ್ಕದಲ್ಲಿ ಒಂದು ಇಂಗ್ಲಿಷ್ ಅನುವಾದವೂ ಇರಲಿ. ಜೇಮ್ಸ್ ಲೆಗ್ ಅವರ 1891ರ ಅನುವಾದ ಇಂಟರ್ನೆಟ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಡಿ.ಸಿ. ಲಾವ್ ಅವರ 1963ರದ್ದು ಓದಲು ಇನ್ನೂ ಸರಾಗ. ಒಂದೇ ಸಾಲು ಎರಡು ಕಡೆ ಎರಡು ಥರ ಕಂಡರೆ ಗಾಬರಿಯಾಗಬೇಡಿ. ಮೂಲ ಅಷ್ಟು ಬಿಗಿಯಾಗಿದೆ. ಪೆನ್ಸಿಲ್ ಗುರುತು ಹಾಕಬೇಕಾದ್ದು ಅಲ್ಲೇ.

ಮೊದಲ ಅಧ್ಯಾಯ ತೀರಾ ಕಷ್ಟ ಅನಿಸಿದರೆ 11ಕ್ಕೆ ಹಾರಿ. ಮೂವತ್ತು ಕಡ್ಡಿ ಸೇರಿ ಚಕ್ರ ಆಗುತ್ತದೆ, ಆದರೆ ಗಾಡಿ ಓಡುವುದು ನಡುವಿನ ತೂತಿನಿಂದ. ಮಣ್ಣಿನಿಂದ ಮಡಕೆ ಮಾಡುತ್ತೇವೆ, ಕೆಲಸಕ್ಕೆ ಬರುವುದು ಒಳಗಿನ ಖಾಲಿ. ಬಾಗಿಲು, ಕಿಟಕಿಗೆ ಜಾಗ ಬಿಟ್ಟರೇ ಅದು ಮನೆ. ಅಲ್ಲಮನ ಬಯಲು ಗೊತ್ತಿರುವವರಿಗೆ ಇದು ಹತ್ತಿರದ್ದೇ ಅನಿಸುತ್ತದೆ. ಹಾಗಂತ ಎರಡೂ ಒಂದೇ ಅಂದುಬಿಡಬೇಡಿ. ಅಲ್ಲಮನ ಬಯಲಿಗೆ ಸಾಧಕ ಕೊನೆಗೆ ಹೋಗಿ ಸೇರಬೇಕು. ಇಲ್ಲಿಯ ಖಾಲಿ ಅಡುಗೆಮನೆಯ ಮಡಕೆಯಲ್ಲೇ ಇದೆ.

ಹೆಜ್ಜೆ 2: ಡಿಂಗ್‌ನ ಚಾಕು

ಎರಡನೆಯದು ತಾವೊ ಚಿಂತಕ ಚುವಾಂಗ್ ತ್ಸುವಿನ ಹೆಸರಲ್ಲೇ ಇರುವ ಪುಸ್ತಕ. ಇದು ಕಥೆಗಳ ಪುಸ್ತಕ. ಈಗ ಉಳಿದಿರುವುದು 33 ಅಧ್ಯಾಯ, ಮೊದಲ ಏಳನ್ನು ಓದಿದರೆ ಸದ್ಯಕ್ಕೆ ಸಾಕು. ಪೂರ್ತಿ ಬೇಕೆಂದರೆ ಬರ್ಟನ್ ವಾಟ್ಸನ್ ಅವರ 1968ರ ಇಂಗ್ಲಿಷ್ ಅನುವಾದ ನನಗೆ ಬಹಳ ಇಷ್ಟ.

ತಾನು ಚಿಟ್ಟೆಯಾದ ಹಾಗೆ ಅವನು ಕಂಡ ಕನಸಿನ ಕಥೆ ಬಹಳ ಹೆಸರಾದದ್ದು. ನಾನು ನಿಲ್ಲಿ ಅನ್ನುವುದು ಮೂರನೇ ಅಧ್ಯಾಯದಲ್ಲಿ. ಡಿಂಗ್ ಎಂಬ ಅಡುಗೆಯವನು ದೊರೆಯ ಎದುರು ಎತ್ತನ್ನು ಕತ್ತರಿಸುತ್ತಿದ್ದಾನೆ. ಕೈ, ಭುಜ, ಮೊಣಕಾಲು ಎಲ್ಲ ಕುಣಿತದ ಹಾಗೆ ಲಯದಲ್ಲಿ. ದೊರೆಗೆ ಆಶ್ಚರ್ಯ. ಡಿಂಗ್ ಹೇಳುತ್ತಾನೆ: ಸಾಧಾರಣ ಅಡುಗೆಯವ ತಿಂಗಳಿಗೊಂದು ಚಾಕು ಬದಲಿಸುತ್ತಾನೆ, ಕೊಚ್ಚುತ್ತಾನಲ್ಲ, ಅದಕ್ಕೆ. ಒಳ್ಳೆಯವ ವರ್ಷಕ್ಕೊಂದು. ನನ್ನ ಚಾಕುವಿಗೆ 19 ವರ್ಷ, ಈಗಷ್ಟೇ ಸಾಣೆ ಹಿಡಿದ ಹಾಗಿದೆ. ಕೀಲುಗಳ ನಡುವೆ ಸಂದು ಇರುತ್ತದೆ, ಅಲಗಿಗೆ ದಪ್ಪವೇ ಇಲ್ಲ. ಇರುವ ಸಂದಿನಲ್ಲೇ ಹೋಗುತ್ತೇನೆ. ಗಂಟು ಬಿದ್ದ ಜಾಗ ಬಂದರೆ ಮಾತ್ರ ನಿಧಾನ ಮಾಡುತ್ತೇನೆ, ಕಣ್ಣು ಅಲ್ಲೇ ನೆಡುತ್ತೇನೆ, ಚಾಕು ಚೂರೇ ಚೂರು ಆಡಿಸುತ್ತೇನೆ. ಮಣ್ಣಿನ ಹೆಂಟೆ ಕಳಚಿ ಬಿದ್ದ ಹಾಗೆ ಬೀಳುತ್ತದೆ.

ಕೇಳಿದ ದೊರೆ ಏನೆನ್ನುತ್ತಾನೆ ಗೊತ್ತಾ? ಜೀವವನ್ನು ಪೋಷಿಸುವುದು ಹೇಗೆ ಅಂತ ಕಲಿತೆ ಅನ್ನುತ್ತಾನೆ. ಚೀನೀ ಭಾಷೆಯಲ್ಲಿ ಆ ಪದ ‘ಯಾಂಗ್‌ಷೆಂಗ್’. ಊಟ, ನಿದ್ದೆ, ಉಸಿರು, ನಡಿಗೆಯ ಬಗ್ಗೆ ಮುಂದೆ ಚೀನಾದಲ್ಲಿ ಹುಟ್ಟಿದ ಬರಹಗಳಿಗೆಲ್ಲ ಇದೇ ಹೆಸರು. ತತ್ವದಿಂದ ಆರೋಗ್ಯಕ್ಕೆ ದಾಟುವ ಸೇತುವೆ ಇದು. ಈ ಎರಡು ಪುಟವನ್ನು ಎರಡು ಮೂರು ಸಲ ಓದಿಕೊಂಡೇ ಮುಂದೆ ಹೋಗಿ.

ಹೆಜ್ಜೆ 3: ಈಗ ವೈದ್ಯದ ಪುಸ್ತಕ

‘ಹುವಾಂಗ್‌ದಿ ನೇಜಿಂಗ್’, ಅಂದರೆ ಹಳದಿ ಚಕ್ರವರ್ತಿಯ ವೈದ್ಯ ಗ್ರಂಥ. ಸುಮಾರು ಎರಡು ಸಾವಿರ ವರ್ಷದ ಹಿಂದಿನದು. ‘ಸುವೆನ್’, ‘ಲಿಂಗ್‌ಶು’ ಅಂತ ಎರಡು ಭಾಗ. ಸುವೆನ್‌ನ ಬಹುಭಾಗ ಚಕ್ರವರ್ತಿ ಮತ್ತು ಚಿ ಬೊ ಎಂಬ ವೈದ್ಯನ ನಡುವಿನ ಮಾತುಕತೆ. ಪೂರ್ತಿ ಓದಲು ಹೋಗಬೇಡಿ. ಸುವೆನ್‌ನ ಮೊದಲ ಎರಡು ಅಧ್ಯಾಯ ಸಾಕು.

ಮೊದಲನೆಯದರಲ್ಲಿ ಚಕ್ರವರ್ತಿ ಕೇಳುತ್ತಾನೆ: ಹಿಂದಿನವರು ನೂರು ವರ್ಷ ಗಟ್ಟಿಯಾಗಿದ್ದರಂತೆ, ಈಗಿನವರು ಐವತ್ತಕ್ಕೇ ಸೋಲುತ್ತಾರಲ್ಲ, ಯಾಕೆ? ಎರಡು ಸಾವಿರ ವರ್ಷದ ಹಿಂದೆಯೂ ಇದೇ ಪ್ರಶ್ನೆ! ಎರಡನೆಯದರಲ್ಲಿ ನಾಲ್ಕು ಋತುಗಳ ದಿನಚರಿ ಇದೆ. ವಸಂತದಲ್ಲಿ ಬೇಗ ಎದ್ದು ಅಂಗಳದಲ್ಲಿ ಓಡಾಡು, ಚಳಿಗಾಲದಲ್ಲಿ ಬಿಸಿಲು ಬರುವವರೆಗೆ ಮಲಗಿರು ಅನ್ನುತ್ತದೆ. ನಮ್ಮ ಆಯುರ್ವೇದದ ಋತುಚರ್ಯೆ ಪಕ್ಕಕ್ಕಿಟ್ಟು ಓದಿದರೆ ಚೆನ್ನ. ಆದರೆ ಆ ನಾಲ್ಕರಲ್ಲಿ ಮಳೆಗಾಲಕ್ಕೆ ಬೇರೆ ಮನೆಯಿಲ್ಲ. ಮಲೆನಾಡಿನವರು ಅದನ್ನು ಹಾಗೇ ಪಾಲಿಸಲು ಆಗುವುದಿಲ್ಲ. ಅದೇ ಅಧ್ಯಾಯದ ಕೊನೆಗೆ ಒಂದು ಮಾತಿದೆ: ಕಾಯಿಲೆ ಬಂದ ಮೇಲೆ ಮದ್ದು ಮಾಡುವುದು ಬಾಯಾರಿದ ಮೇಲೆ ಬಾವಿ ತೋಡಿದ ಹಾಗೆ.

ಅನುವಾದ ಆರಿಸುವಾಗ ಹುಷಾರು. ‘ಚಿ’ ಎಂಬುದನ್ನು ಬರೀ ‘ಎನರ್ಜಿ’ ಅಂತ ತಿರುಗಿಸಿ, ವಿದ್ಯುತ್ತಿನ ಹಾಗೆ ವಿವರಿಸುವ ಪುಸ್ತಕಗಳು ಜಾಸ್ತಿ. ಮೂಲದಲ್ಲಿ ಆ ಪದಕ್ಕೆ ಗಾಳಿ, ಉಸಿರು, ಹಬೆ ಎಲ್ಲ ಅರ್ಥ ಇದೆ. ಪೌಲ್ ಉನ್‌ಶುಲ್ಡ್ ಮತ್ತು ಹರ್ಮನ್ ಟೆಸ್ಸೆನೊ ಅವರ 2011ರ ಸುವೆನ್ ಅನುವಾದ ದಪ್ಪ, ದುಬಾರಿ, ಆದರೆ ನಂಬಬಹುದು. ಲೈಬ್ರರಿಯಲ್ಲಿ ಕೇಳಿ ನೋಡಿ.

ಹೆಜ್ಜೆ 4: ಗೆ ಹೊಂಗ್‌ನ ಎರಡು ಪುಸ್ತಕ

4ನೇ ಶತಮಾನದ ಗೆ ಹೊಂಗ್ ತಾವೊ ಪಂಥದವನು, ರಸವಿದ್ಯೆಯವನು, ವೈದ್ಯನೂ ಹೌದು. ಅವನ ತುರ್ತುಮದ್ದಿನ ಪುಸ್ತಕದಲ್ಲಿ ಬಿಟ್ಟು ಬಿಟ್ಟು ಬರುವ ಜ್ವರಕ್ಕೆ ಒಂದು ಸಾಲಿದೆ: ಒಂದು ಹಿಡಿ ಚಿಂಗ್‌ಹಾವ್ ಸೊಪ್ಪನ್ನು ನೀರಲ್ಲಿ ನೆನೆಹಾಕಿ, ಹಿಂಡಿ, ಆ ರಸವನ್ನು ಪೂರ್ತಿ ಕುಡಿ. ಕುದಿಸು ಅಂದಿಲ್ಲ, ಗಮನಿಸಿ. 1971ರಲ್ಲಿ ಮಲೇರಿಯಾ ಮದ್ದು ಹುಡುಕುತ್ತಿದ್ದ ಚೀನೀ ವಿಜ್ಞಾನಿ ತು ಯೂಯೂ ಅವರ ಕಣ್ಣಿಗೆ ಬಿದ್ದದ್ದು ಅದೇ. ಬಿಸಿಗೆ ಗುಣ ಹೋಗುತ್ತಿರಬಹುದು ಅಂತ ಕಡಿಮೆ ಶಾಖಕ್ಕೇ ಕುದಿಯುವ ಈಥರ್ ಬಳಸಿ ಸಾರ ತೆಗೆದರು. ಇಲಿಗಳ ಮಲೇರಿಯಾಗೆ ಅದು ನಾಟಿತು. ಅದೇ ಮುಂದೆ ಆರ್ಟೆಮಿಸಿನಿನ್ ಎಂಬ ಮಲೇರಿಯಾ ಮದ್ದಾಯಿತು. 2015ರಲ್ಲಿ ಅವರಿಗೆ ನೊಬೆಲ್ ಬಂತು.

ಇದೇ ಗೆ ಹೊಂಗ್ ಇನ್ನೊಂದು ಪುಸ್ತಕದಲ್ಲಿ ಸಾವಿಲ್ಲದ ಬಾಳಿಗೆ ಇಂಗಳೀಕದ ಗುಳಿಗೆ ಮಾಡುವುದನ್ನು ಹೇಳುತ್ತಾನೆ. ಇಂಗಳೀಕ ಅಂದರೆ ಪಾದರಸ, ಗಂಧಕ. ಅಂಥ ಗುಳಿಗೆ ನುಂಗಿ ಟ್ಯಾಂಗ್ ವಂಶದ ಚಕ್ರವರ್ತಿಗಳೇ ಸತ್ತರು. 846ರಲ್ಲಿ ವೂಜೋಂಗ್, 859ರಲ್ಲಿ ಅವನ ನಂತರದವನು. ಜ್ವರದ ಸೊಪ್ಪು, ಈ ಗುಳಿಗೆ, ಎರಡನ್ನೂ ಬರೆದದ್ದು ಗೆ ಹೊಂಗ್‌ನ ಒಂದೇ ಕೈ. ಯಾವುದು ನಿಜ ಅಂತ ಪುಸ್ತಕ ನೋಡಿ ಹೇಳಲು ಆಗುವುದಿಲ್ಲ, ತು ಯೂಯೂ ಮಾಡಿದ ಹಾಗೆ ಪರೀಕ್ಷೆಯೇ ಹೇಳಬೇಕು.

ಹೆಜ್ಜೆ 5: ಬಾಯಿಗೆ ಹಾಕುವ ಮುಂಚೆ

ಪುಸ್ತಕ ನೋಡಿ ಯಾವ ಬೇರು, ಪುಡಿಯನ್ನೂ ತರಿಸಿ ತಿನ್ನಬೇಡಿ. 1990ರ ದಶಕದಲ್ಲಿ ಬೆಲ್ಜಿಯಂನಲ್ಲಿ ತೆಳ್ಳಗಾಗಲು ಚೀನೀ ಗಿಡಮೂಲಿಕೆ ಮಾತ್ರೆ ತಿಂದ ಎಷ್ಟೋ ಹೆಂಗಸರ ಮೂತ್ರಪಿಂಡ ಹಾಳಾಯಿತು. ಹೆಸರು ಹತ್ತಿರ ಹತ್ತಿರ ಇದ್ದದ್ದರಿಂದ ಒಂದು ಬೇರಿನ ಬದಲು ಅರಿಸ್ಟೊಲೋಕಿಯ ಜಾತಿಯ ಬೇರು ಸೇರಿತ್ತು. ನಮ್ಮ ಈಶ್ವರಿ ಬಳ್ಳಿಯೂ ಅದೇ ಜಾತಿಗೆ ಸೇರಿದ್ದು. ಸಹಜ ಅನ್ನುವ ಒಂದೇ ಪದ ನಂಬಿ ಯಾರೂ ಮೋಸ ಹೋಗಬಾರದು. ಈಗಾಗಲೇ ಏನಾದರೂ ತಿನ್ನುತ್ತಿದ್ದರೆ ಪೊಟ್ಟಣವನ್ನೇ ಡಾಕ್ಟರ ಮುಂದಿಡಿ.

ಇಷ್ಟು ಓದಿ ಇನ್ನೂ ಹಸಿವಿದ್ದರೆ ಲಿ ಷಿಜೆನ್‌ನ ‘ಬೆನ್‌ಸಾವ್ ಗಾಂಗ್‌ಮು’ ಇದೆ. 27 ವರ್ಷ ಕೂತು 1578ರಲ್ಲಿ ಮುಗಿಸಿದ, 1,892 ಮದ್ದಿನ ವಸ್ತುಗಳ ಪುಸ್ತಕ. ಅನುವಾದ ಸಿಕ್ಕರೆ ಮೊದಲ ಪುಟದಿಂದ ಓದಬೇಡಿ. ಶುಂಠಿಯ ಪುಟ ತೆಗೆಯಿರಿ. ನಿಮ್ಮ ಮನೆಯಲ್ಲಿ ಅಜ್ಜಿ ಶುಂಠಿ ಬಗ್ಗೆ ಏನು ಹೇಳುತ್ತಾರೋ ಅದನ್ನು ಪಕ್ಕದಲ್ಲಿ ಪೆನ್ಸಿಲ್‌ನಿಂದ ಬರೆದುಕೊಳ್ಳುತ್ತಾ ಹೋಗಿ.