ಫುಲ್ ಎ ಪ್ಲಸ್ ಮಕ್ಕಳ ಮೊದಲ ಪ್ರಬಂಧ

"ಅಕ್ಕ, ನನಗೆ ಸಿ ಬಂತು. ಮನೆಯಲ್ಲಿ ಹೇಳಿಲ್ಲ."

ಸೆಪ್ಟೆಂಬರಿನ ಒಂದು ರಾತ್ರಿ ಹತ್ತೂವರೆಗೆ ಬಂದ ಮೆಸೇಜ್ ಇದು. ಕಳಿಸಿದವಳು ಕಾಸರಗೋಡು ಜಿಲ್ಲೆಯ ಪೆರ್ಲ ಕಡೆಯ ಹುಡುಗಿ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಹತ್ತರಲ್ಲೂ ಪ್ಲಸ್ ಟೂನಲ್ಲೂ ಫುಲ್ ಎ ಪ್ಲಸ್, ಅಂದರೆ ಎಲ್ಲ ವಿಷಯದಲ್ಲೂ ಎ ಪ್ಲಸ್. ಊರಿನ ಜಂಕ್ಷನ್ನಿನಲ್ಲಿ ಅವಳ ಫೋಟೋ ಇದ್ದ ಫ್ಲೆಕ್ಸ್ ಕೂಡ ಕಟ್ಟಿದ್ದರು. ಡಿಸೈನ್ ಕಾಲೇಜು ಸೇರಿ ಎರಡು ತಿಂಗಳಾಗಿತ್ತು. ಚಿತ್ರ ಬಿಡಿಸುವುದು, ಮಾಡೆಲ್ ಮಾಡುವುದು ಅವಳಿಗೆ ನೀರು ಕುಡಿದಷ್ಟು ಸುಲಭ. ಸಿ ಬಂದದ್ದು ಸಾವಿರ ಶಬ್ದದ ಒಂದು ಪ್ರಬಂಧಕ್ಕೆ. ವಿಷಯ: ನಿಮ್ಮ ಊರಿನ ಒಂದು ಕೈಕಸುಬು.

ಪ್ರಬಂಧ ಕಳಿಸು ಅಂದೆ. ಕಾಸರಗೋಡು ಸೀರೆಯ ಬಗ್ಗೆ ಬರೆದಿದ್ದಳು. ಹತ್ತಿಯದ್ದು, ಕೈಮಗ್ಗದ್ದು, ನೇಯುವವರು ಶಾಲಿಯ ಸಮುದಾಯದವರು, ಜಿಐ (ಭೌಗೋಳಿಕ ಸೂಚಿ) ಗುರುತು ಸಿಕ್ಕಿದೆ. ಎಲ್ಲ ಸರಿ, ಒಂದೂ ತಪ್ಪಿಲ್ಲ. ಆದರೆ ಕಾಸರಗೋಡಿಗೆ ಕಾಲಿಡದವರೂ ಅದನ್ನು ಬರೆಯಬಹುದಿತ್ತು.

ನಾನು ಟೀಚರ್ ಅಲ್ಲ. ಬದಿಯಡ್ಕದ ಹತ್ತಿರ ಮನೆಯಲ್ಲೇ ಕೂತು ಪುಸ್ತಕಗಳ ಪುಟ ವಿನ್ಯಾಸ, ಪ್ಯಾಕೆಟ್ಟುಗಳ ಡಿಸೈನ್ ಮಾಡುವವಳು. ಡಿಸೈನ್ ಓದಲು ಹೊರಟ ನಮ್ಮ ಕಡೆಯ ಮಕ್ಕಳನ್ನು ಕಾಲೇಜು ಶುರುವಾಗುವ ಮೊದಲು, ಜೂನ್ ಜುಲೈ ಭಾನುವಾರಗಳಲ್ಲಿ, ಜಗಲಿಯಲ್ಲಿ ಕೂರಿಸಿಕೊಳ್ಳುತ್ತೇನೆ. ಐದಾರು ಜನ ಬರುತ್ತಾರೆ. ಆಮೇಲೆ ಒಬ್ಬರು ಕಣ್ಣೂರಿಗೆ, ಒಬ್ಬರು ಮಂಗಳೂರಿಗೆ, ಇನ್ನೊಬ್ಬರು ಬೆಂಗಳೂರಿಗೆ. ಪೆರ್ಲದ ಹುಡುಗಿ ಮಾತ್ರ ಆ ವರ್ಷ ಒಂದೇ ಭಾನುವಾರ ಬಂದು ಮತ್ತೆ ತಪ್ಪಿಸಿಕೊಂಡಿದ್ದಳು. ನನಗೆ ಬರೆಯಲು ಬರುತ್ತದೆ ಅಕ್ಕ, ಅಂದಿದ್ದಳು.

ಮೊದಲ ಎರಡು ವರ್ಷ ನಾನು ಮಾಡಿದ್ದೆಲ್ಲ ತಪ್ಪೇ. ಇವರ ತೊಂದರೆ ಇಂಗ್ಲಿಷ್ ಅಂದುಕೊಂಡೆ. ಕನ್ನಡ ಮೀಡಿಯಂನಿಂದ ಬಂದವರು, ಗ್ರಾಮರ್ ಸರಿಮಾಡಿದರೆ ಸಾಕು ಅಂತ. ಮಕ್ಕಳು ಕಳಿಸಿದ ಪ್ರಬಂಧಗಳನ್ನು ರಾತ್ರಿ ಕೂತು ನಾನೇ ತಿದ್ದಿ ಕಳಿಸುತ್ತಿದ್ದೆ. ಒಬ್ಬ ಹುಡುಗನಿಗೆ ಮೊದಲ ಸೆಮಿಸ್ಟರಿನಲ್ಲಿ ಒಳ್ಳೆ ಮಾರ್ಕು ಬಂತು. ಎರಡನೆಯದರಲ್ಲಿ ಕ್ಲಾಸಿನಲ್ಲೇ ಕೂತು ಬರೆಯಬೇಕಾಗಿ ಬಂದಾಗ ಕಾಗದ ಖಾಲಿ. ಆ ಮಾರ್ಕು ನನ್ನದು, ಅವನದ್ದಲ್ಲ. ಅವನು ಈಗಲೂ ಸಿಕ್ಕಿದರೆ ನಗುತ್ತಾನೆ. ನನಗೆ ನಗು ಬರುವುದಿಲ್ಲ.

ಶಾಲೆಯಲ್ಲಿ ನಾವು ಕಲಿತ ಬರವಣಿಗೆ ಏನು? ಐದು ಮಾರ್ಕಿನ ಪ್ರಶ್ನೆಗೆ ಐದು ಪಾಯಿಂಟ್. ಪಾಯಿಂಟುಗಳು ಪುಸ್ತಕದಲ್ಲಿವೆ, ಟೀಚರಿಗೂ ಗೊತ್ತು. ನಮಗೂ ಗೊತ್ತು ಅಂತ ತೋರಿಸಿದರೆ ಆಯಿತು. ಕಾಲೇಜಿನ ಪ್ರಬಂಧದಲ್ಲಿ ಓದುವವರಿಗೆ ಗೊತ್ತಿಲ್ಲದ್ದನ್ನು ಹೇಳಬೇಕು, ಅದು ನಿಜ ಅಂತ ತೋರಿಸಲೂ ಬೇಕು. ನನ್ನ ಮೊದಲ ಪ್ರಬಂಧ ವಾಪಸ್ ಬಂದಾಗ ಅಂಚಿನಲ್ಲಿ ಮೂರು ಕಡೆ 'ನಿನಗೆ ಹೇಗೆ ಗೊತ್ತು?' ಅಂತ ಬರೆದಿತ್ತು. ಬೈಗುಳ ಅಂದುಕೊಂಡು ಒಂದು ವಾರ ಆ ಕ್ಲಾಸಿಗೇ ಹೋಗಲಿಲ್ಲ. ಅದು ಬರೀ ಪ್ರಶ್ನೆ ಅಂತ ಅರ್ಥವಾಗಲು ಒಂದು ವರ್ಷ ಹಿಡಿಯಿತು.

ಹಾಗಾಗಿ ಈಗ ಮೊದಲ ಭಾನುವಾರ ಪೆನ್ನು ಹಿಡಿಯಲು ಬಿಡುವುದಿಲ್ಲ. ಒಂದು ಮುಟ್ಟಾಳೆಯನ್ನು ನಡುವೆ ಇಡುತ್ತೇನೆ. ತೋಟಕ್ಕೆ ಹೋಗುವಾಗ ತಲೆಗೆ ಹಾಕುವ ಅಡಿಕೆ ಹಾಳೆಯ ಟೋಪಿ, ಇವರೆಲ್ಲ ಹುಟ್ಟಿದಾಗಿನಿಂದ ನೋಡಿದ್ದು. ಇದರ ಬಗ್ಗೆ ಇಪ್ಪತ್ತು ಪ್ರಶ್ನೆ ಕೇಳಿ ಅನ್ನುತ್ತೇನೆ. ಉತ್ತರ ಬೇಡ, ಪ್ರಶ್ನೆ ಮಾತ್ರ.

ಈ ಆಟ ನನ್ನದಲ್ಲ. 1958ರಲ್ಲಿ ಚಾರ್ಲ್ಸ್ ಮತ್ತು ರೇ ಈಮ್ಸ್ ಅನ್ನುವ ಅಮೆರಿಕದ ದಂಪತಿ ಭಾರತ ಸರ್ಕಾರಕ್ಕೆ ಒಂದು ವರದಿ ಕೊಟ್ಟರು. 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಶುರುವಾದದ್ದರ ಹಿಂದೆ ಅದೇ ವರದಿ ಇದೆ. ಅದರಲ್ಲಿ ನಮ್ಮ ಮಾಮೂಲಿ ಲೋಟಾವನ್ನು, ಅಂದರೆ ನೀರು ತುಂಬುವ ಚೊಂಬನ್ನು, ಹಿಡಿದುಕೊಂಡು ಪ್ರಶ್ನೆ ಕೇಳುತ್ತಾ ಹೋಗುತ್ತಾರೆ. ಎಷ್ಟು ನೀರು ಹಿಡಿಯಬೇಕು? ತಲೆ ಮೇಲೆ ಹೊರುತ್ತಾರಾ, ಸೊಂಟದ ಮೇಲಾ? ತುಂಬಿದಾಗ ತೂಕ ಎಲ್ಲಿ ಕೂರುತ್ತದೆ, ಖಾಲಿ ಇದ್ದಾಗ ಎಲ್ಲಿ? ಕಣ್ಣು ಮುಚ್ಚಿ ಮುಟ್ಟಿದರೆ ಹೇಗಿದೆ? ಡಿಸೈನ್ ಓದುವ ಮಕ್ಕಳಿಗೆ ಇದನ್ನು ಹೇಗೂ ಕಾಲೇಜಿನಲ್ಲಿ ಹೇಳುತ್ತಾರೆ. ಅದಕ್ಕೆ ಮೊದಲೇ ಮುಟ್ಟಾಳೆಯ ಮೇಲೆ ಪ್ರಯೋಗ ಮಾಡಿದ್ದರೆ ಅಲ್ಲಿ ಬೆಬ್ಬೆಬ್ಬೆ ಅನ್ನಬೇಕಾಗಿಲ್ಲ.

ಒಬ್ಬ ಹುಡುಗ ಪ್ರಶ್ನೆಗಳ ಪಟ್ಟಿ ಹಿಡಿದು ಅಜ್ಜನ ಹತ್ತಿರ ಹೋದ. ಒಣಗಿದ ಹಾಳೆಯನ್ನು ಹಾಗೇ ಮಡಚಿದರೆ ಬಿರಿಯುತ್ತದೆ, ಮೊದಲು ನೀರಲ್ಲಿ ನೆನೆಹಾಕಬೇಕು ಅಂತ ಅಜ್ಜ ಹೇಳಿದರು. ಅದನ್ನು ಪ್ರಬಂಧದಲ್ಲಿ ಬರೆದ. ಹೇಗೆ ಗೊತ್ತು? ಅಜ್ಜ ಹೇಳಿದ್ದು. ಸರಿ, ಹಾಗಾದರೆ ಅಜ್ಜನನ್ನೇ ರೆಫರೆನ್ಸ್ ಮಾಡು ಅಂದೆ. ರೆಫರೆನ್ಸ್ ಬರೆಯಲು ಅವನ ಕಾಲೇಜಿನಲ್ಲಿ ಎಪಿಎ ಅನ್ನುವ ಪದ್ಧತಿ. ಅದರಲ್ಲಿ ಇಂಥ ಖಾಸಗಿ ಮಾತುಕತೆಯನ್ನು ವಾಕ್ಯದೊಳಗೇ ಹೆಸರು, ದಿನ ಹಾಕಿ ಹೇಳಬೇಕು. ಕೊನೆಯ ಪಟ್ಟಿಗೆ ಸೇರಿಸುವ ಹಾಗಿಲ್ಲ, ಯಾಕೆಂದರೆ ಓದುವವರು ಅದನ್ನು ಹುಡುಕಿ ತೆಗೆದು ನೋಡಲು ಆಗುವುದಿಲ್ಲ. ಹುಡುಗನಿಗೆ ಬೇಜಾರಾಯಿತು. ಇಂಟರ್ನೆಟ್ಟಿನಲ್ಲಿ ಸಿಕ್ಕಿದವರೆಲ್ಲ ಪಟ್ಟಿಯಲ್ಲಿದ್ದಾರೆ, ನಮ್ಮ ಅಜ್ಜ ಮಾತ್ರ ಹೊರಗೆ! ಎಂಎಲ್‌ಎ ಅನ್ನುವ ಇನ್ನೊಂದು ಪದ್ಧತಿಯಲ್ಲಿ ಸಂದರ್ಶನವನ್ನೂ ಪಟ್ಟಿಗೆ ಸೇರಿಸಬಹುದು ಅಂತ ಬಾಯಿತಪ್ಪಿ ಹೇಳಿದೆ. ಹಾಗಾದರೆ ಅದನ್ನೇ ಮಾಡುತ್ತೇನೆ ಅಂತ ಹಟ ಹಿಡಿದ. ಕಾಲೇಜು ಹೇಳಿದ್ದೇ ಮಾಡಬೇಕು ಮಾರಾಯ ಅಂತ ಸಮಾಧಾನ ಮಾಡಬೇಕಾಯಿತು. ಆದರೆ ಸೈಟೇಷನ್ ಯಾಕೆ ಬೇಕು ಅಂತ ಅವನಿಗೆ ಮತ್ತೆ ಹೇಳುವ ಅಗತ್ಯ ಬೀಳಲಿಲ್ಲ.

ಇನ್ನೊಬ್ಬನ ಕಥೆ ಬೋರ್ಡುಗಳದ್ದು. ಉಪ್ಪಳದವನು, ಅಕ್ಷರ ವಿನ್ಯಾಸದಲ್ಲಿ ಆಸಕ್ತಿ. 'ನಮ್ಮ ಜಿಲ್ಲೆಯ ಬೋರ್ಡುಗಳಲ್ಲಿ ಕನ್ನಡವನ್ನು ಬೇಕೆಂದೇ ಸಣ್ಣದಾಗಿ ಬರೆಯುತ್ತಾರೆ' ಅನ್ನುವುದು ಅವನ ಮೊದಲ ವಾಕ್ಯ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಾಗಿನಿಂದ ನಮ್ಮವರ ಎದೆಯಲ್ಲಿ ಕೂತಿರುವ ಸಂಕಟ ಇದು, ನನ್ನ ಎದೆಯಲ್ಲೂ ಇದೆ. ಆದರೂ ಕೇಳಿದೆ. ಸಣ್ಣ ಅಂದರೆ ಎಷ್ಟು ಸಣ್ಣ? ಬೇಕೆಂದೇ ಅಂತ ಹೇಗೆ ಗೊತ್ತು?

ಸಿಟ್ಟಾದ. ನೀವು ಯಾರ ಕಡೆ ಅಕ್ಕ ಅಂದ. ಆಮೇಲೆ ಎರಡು ವಾರ ಬಸ್ಸಿನಲ್ಲಿ ತಿರುಗಿ ಮಲಯಾಳ, ಕನ್ನಡ, ಇಂಗ್ಲಿಷ್ ಮೂರೂ ಇರುವ ಬೋರ್ಡುಗಳ ಫೋಟೋ ತೆಗೆದ. ಬೋರ್ಡಿನ ಮೇಲೆ ಹತ್ತಿ ಅಳೆಯಲು ಆಗುವುದಿಲ್ಲವಲ್ಲ, ಫೋಟೋದಲ್ಲೇ ಮೂರೂ ಸಾಲಿನ ಅಕ್ಷರಗಳ ಎತ್ತರವನ್ನು ಒಂದಕ್ಕೊಂದು ಹೋಲಿಸಿದ.

ಆಗ ಕಂಡಿತು ನೋಡಿ. ಉಪ್ಪಳ, ಬದಿಯಡ್ಕ, ಮುಳ್ಳೇರಿಯ, ಮಂಜೇಶ್ವರ. ಈ ಹೆಸರುಗಳಲ್ಲೆಲ್ಲ ಒತ್ತಕ್ಷರ ಇದೆ. ಒತ್ತು ಕೆಳಗೆ ಇಳಿಯುತ್ತದೆ, ಅದಕ್ಕೆ ಜಾಗ ಬೇಕು. ಇಂಗ್ಲಿಷಿನ ದೊಡ್ಡಕ್ಷರಗಳಿಗೆ ಆ ಗೋಜಿಲ್ಲ. ಮಲಯಾಳದಲ್ಲಿ 1971ರ ಲಿಪಿ ಸುಧಾರಣೆಯ ನಂತರ ಉಕಾರದಂಥ ಗುರುತುಗಳು ಅಕ್ಷರಕ್ಕೆ ಅಂಟಿಕೊಳ್ಳದೆ ಪಕ್ಕಕ್ಕೆ ಬಂದವು, ಕೂಡಕ್ಷರಗಳೂ ಕಮ್ಮಿಯಾದವು. ಮೂರು ಭಾಷೆಗೂ ಒಂದೇ ಎತ್ತರದ ಪಟ್ಟಿ ಕೊಟ್ಟರೆ ಒತ್ತನ್ನು ತುರುಕಲು ಕನ್ನಡದ ಮೂಲ ಅಕ್ಷರ ಕುಗ್ಗಲೇಬೇಕು. ಯಾರೂ ಮೋಸ ಮಾಡಬೇಕಾಗಿಲ್ಲ, ಸಮಾನವಾಗಿ ಹಂಚಿದ್ದೇ ಸಾಕು.

ಇಲ್ಲಿಗೆ ನಿಲ್ಲಿಸಿದ್ದರೆ ಚೆಂದದ ಪ್ರಬಂಧ ಆಗುತ್ತಿತ್ತು. ಆದರೆ ಕುಂಬಳೆ, ಕಾಸರಗೋಡು ಅನ್ನುವ ಹೆಸರುಗಳಲ್ಲಿ ಒತ್ತೇ ಇಲ್ಲ. ಅವನ್ನು ಬೇರೆಯಾಗಿ ನೋಡು ಅಂದೆ. ಅವನ ಫೋಟೋಗಳಲ್ಲಿ ಕೆಲವು ಕಡೆ ಕನ್ನಡ ಸಮಸಮ ಇತ್ತು, ಕೆಲವು ಕಡೆ ಸುಮ್ನೆ ಸಣ್ಣ ಇತ್ತು. ಹಾಗಾಗಿ ಒತ್ತಿನ ಕಾರಣ ಒಂದು, ಬರೆಸಿದವರ ಉದಾಸೀನ ಇನ್ನೊಂದು. ಎರಡನ್ನೂ ಬಿಡಿಸಿ ಬರೆದ. ಮೊದಲಿನ ಸಿಟ್ಟು ಹೋಗಲಿಲ್ಲ, ಅದಕ್ಕೆ ಕೂರಲು ಒಂದು ಜಾಗ ಸಿಕ್ಕಿತು.

ಕಾಲೇಜಿನವರು ಕೇಳಿದ್ದು ಬೇರೆಯೇ. ಕೆಳಗೆ ನಿಂತು ಫೋಟೋ ತೆಗೆದರೆ ಮೇಲಿನ ಸಾಲು ಸಣ್ಣದಾಗಿ ಕಾಣುವುದಿಲ್ಲವೇ? ಹೌದಲ್ವಾ! ನನಗೂ ಹೊಳೆದಿರಲಿಲ್ಲ. ತನ್ನ ಅಳತೆಯ ಈ ದೋಷವನ್ನು ತಾನೇ ಬರೆದು ಸೇರಿಸು ಅಂದರೆ ಹುಡುಗನಿಗೆ ಕೈ ಬರುವುದಿಲ್ಲ. ತಪ್ಪು ಒಪ್ಪಿಕೊಂಡರೆ ಮಾರ್ಕು ಹೋಗುತ್ತದೆ ಅನ್ನುವ ಶಾಲೆಯ ಹೆದರಿಕೆ. ಈ ಹೆದರಿಕೆ ಬಿಡಿಸುವುದೇ ಇಂಗ್ಲಿಷ್ ಕಲಿಸುವುದಕ್ಕಿಂತ ಜಾಸ್ತಿ ಕಷ್ಟ.

ಜ್ಯೂರಿಯ ಭಯವೂ ಇದೇ ಜಾತಿಯದ್ದು. ಸೆಮಿಸ್ಟರಿನ ಕೊನೆಗೆ ಮಾಡಿದ್ದನ್ನೆಲ್ಲ ಗೋಡೆಗೆ ಅಂಟಿಸಿ ಮೂರು ನಾಲ್ಕು ಜನರ ಎದುರು ನಿಲ್ಲಬೇಕು. ಅವರು ಒಂದೊಂದನ್ನೇ ಕೆದಕುತ್ತಾರೆ. ಅತ್ತು ಫೋನ್ ಮಾಡಿದವರು ಬಹಳ ಇದ್ದಾರೆ. ಇವರಿಗೆ ನಾನು ತಾಳಮದ್ದಳೆ, ಅಂದರೆ ವೇಷ ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ, ನೆನಪಿಸುತ್ತೇನೆ. ಅದರಲ್ಲಿ ಪಾತ್ರದ ಮಾತು ಆಡುವವರು ಅರ್ಥಧಾರಿಗಳು. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳು ಹುಟ್ಟಿದ ಜಿಲ್ಲೆ ನಮ್ಮದು. ವಾಲಿವಧೆಯಲ್ಲಿ ಬಾಣ ತಿಂದು ಬಿದ್ದ ವಾಲಿ ಕೇಳುತ್ತಾನೆ, ಮರೆಯಲ್ಲಿ ನಿಂತು ಹೊಡೆದದ್ದು ಯಾಕೆ ಅಂತ. ರಾಮ ಅದಕ್ಕೇ ಉತ್ತರ ಕೊಡಬೇಕು. ತನಗೆ ಗೊತ್ತಿದ್ದ ಬೇರೇನೋ ಹೇಳಿದರೆ ಸಭೆ ಒಪ್ಪುವುದಿಲ್ಲ. ವಾಲಿಯ ಅರ್ಥ ಹೇಳಿದವರೂ ರಾಮನ ಅರ್ಥ ಹೇಳಿದವರೂ ಪ್ರಸಂಗ ಮುಗಿದ ಮೇಲೆ ಒಟ್ಟಿಗೆ ಕೂತು ಚಹಾ ಕುಡಿಯುತ್ತಾರೆ. ಜಗಲಿಯಲ್ಲಿ ಒಬ್ಬರ ಚಿತ್ರ ಗೋಡೆಗೆ ಹಚ್ಚಿ ಹೀಗೇ ಆಡಿಸುತ್ತೇನೆ. ಒಂದೇ ನಿಯಮ: ಎದುರಿನವರು ಹೇಳಿದ್ದನ್ನು ಮೊದಲು ನಿಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು, ಆಮೇಲೆ ಉತ್ತರ.

ಬೇರೆ ಸಣ್ಣಪುಟ್ಟ ಸಂಗತಿಗಳೂ ಇವೆ. ಕೆಲವು ಡಿಸೈನ್ ಕಾಲೇಜುಗಳಲ್ಲಿ ಪಾಠ ಮಾಡುವವರನ್ನು ಹೆಸರು ಹಿಡಿದೇ ಕರೆಯುತ್ತಾರೆ. ಇಷ್ಟು ವರ್ಷ ಟೀಚರೇ, ಮಾಸ್ಟ್ರೇ ಅಂದ ನಾಲಿಗೆ ಒಂದು ಸೆಮಿಸ್ಟರ್ ಪೂರ್ತಿ ಏನೂ ಕರೆಯದೆ ಕೆಮ್ಮುತ್ತಾ ನಿಲ್ಲುತ್ತದೆ. ಚಾಟ್‌ಜಿಪಿಟಿಯ ವಿಷಯ ಹೇಳಿ ಮುಗಿಯುವುದಲ್ಲ. ಅದು ಕೊಟ್ಟ ರೆಫರೆನ್ಸುಗಳನ್ನು ಲೈಬ್ರರಿಯಲ್ಲಿ ಹುಡುಕಿ ತನ್ನಿ ಅನ್ನುತ್ತೇನೆ, ಅಷ್ಟೇ. ಇಲ್ಲದ ಪುಸ್ತಕಕ್ಕಾಗಿ ಒಂದು ಮಧ್ಯಾಹ್ನ ಕಳೆದವರು ಮತ್ತೆ ಅದನ್ನು ಕಣ್ಣು ಮುಚ್ಚಿ ನಂಬುವುದಿಲ್ಲ.

ಪೆರ್ಲದ ಹುಡುಗಿಗೆ ಆ ರಾತ್ರಿ ಒಂದೇ ಪ್ರಶ್ನೆ ಕೇಳಿದ್ದೆ. ನಿಮ್ಮ ಅಮ್ಮನ ಹತ್ತಿರ ಕಾಸರಗೋಡು ಸೀರೆ ಇದೆಯಾ? ಇದೆ, ಎರಡು. ಒಗೆದ ಮೇಲೆ ಏನು ಮಾಡುತ್ತಾರೆ? ಅಲ್ಲಿಂದ ಶುರುವಾದ ಮಾತು ಹನ್ನೆರಡು ಗಂಟೆಯವರೆಗೆ ನಡೆಯಿತು. ಗಂಜಿ ಹಾಕುವುದು, ಹಾಕದಿದ್ದರೆ ನೆರಿಗೆ ನಿಲ್ಲದಿರುವುದು, ಮಳೆಗಾಲದಲ್ಲಿ ಒಣಗದೆ ವಾಸನೆ ಬರುವುದು, ಅದಕ್ಕೇ ಅಮ್ಮ ಜೂನ್ ಬಂದರೆ ಪಾಲಿಯೆಸ್ಟರ್ ಉಡುವುದು. ತುಳುವಿನಲ್ಲೇ ಹೇಳಿದಳು. ಅಷ್ಟನ್ನೂ ರೆಕಾರ್ಡ್ ಮಾಡಿಕೋ ಅಂದಿದ್ದೆ. ಮರುದಿನ ಅದನ್ನು ಕೇಳುತ್ತಾ ಕನ್ನಡದಲ್ಲಿ ಬರೆದಳು, ಆಮೇಲೆ ಇಂಗ್ಲಿಷಿಗೆ ತಂದಳು. ಆ ಇಂಗ್ಲಿಷನ್ನು ನಾನು ಮುಟ್ಟಲಿಲ್ಲ. ವಿಷಯವೂ ಬದಲಾಯಿತು. ನಮ್ಮಂಥ ಮಳೆಯ ಊರಲ್ಲಿ ನೇಯುವ ಹತ್ತಿ ಸೀರೆಯನ್ನು ನಾಲ್ಕು ತಿಂಗಳು ಯಾರು ಉಡುತ್ತಾರೆ?

ನವೆಂಬರಿನಲ್ಲಿ ಮತ್ತೆ ಮೆಸೇಜ್ ಬಂತು. "ಅಕ್ಕ, ಬಿ ಪ್ಲಸ್. ಮನೆಯಲ್ಲಿ ಹೇಳಿದೆ. ಫ್ಲೆಕ್ಸ್ ಬೇಡ ಅಂತಲೂ ಹೇಳಿದೆ."